ಜೀಪಿಗೆ ಪಿಂಗಾಣಿ ಅಂಗಿ

ಬಿಸಿಲಿನ ಮೇಲೆ ವೈಯಕ್ತಿಕ ಹಗೆ ಇಟ್ಟುಕೊಂಡ ಮನುಷ್ಯ ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಒಬ್ಬನೇ ಇದ್ದಾನೆ, ಮತ್ತು ಅವನು ನನ್ನ ಸೋದರಮಾವ! ನಮ್ಮ ಕಡೆ ಬಿಸಿಲನ್ನು ಬೈಯದವರು ಯಾರಿದ್ದಾರೆ, ಹೇಳಿ? ಎಲ್ಲರೂ ಬೈಯುತ್ತಾರೆ. ಬೈದು, ಅಂಗಳಕ್ಕೆ ನೀರು ಚಿಮುಕಿಸಿ, ಒಂದು ತಂಬಿಗೆ ಮಜ್ಜಿಗೆ ಕುಡಿದು ಅಡ್ಡಾಗುತ್ತಾರೆ. ನಮ್ಮ ಮಾವ ಮಾತ್ರ ಬಿಸಿಲಿನ ಜೊತೆ ನ್ಯಾಯಕ್ಕೆ ನಿಲ್ಲುತ್ತಾನೆ. ಹೊಲದ ಬದು ಒತ್ತಿದ ದಾಯಾದಿಯನ್ನು ನೋಡುವ ಹಾಗೆ ಸೂರ್ಯನನ್ನು ದಿಟ್ಟಿಸುತ್ತಾನೆ.

ಒಂದು ಬೇಸಿಗೆಯಲ್ಲಿ ಮನೆಯ ಮಾಳಿಗೆಗೆ ಸುಣ್ಣ ಬಳಿಸಿದ. ಸರಿ, ಎಲ್ಲರೂ ಬಳಿಸುತ್ತಾರೆ. ನೀರಿನ ಟಾಕಿಗೂ ಬಳಿಸಿದ. ಅದೂ ಸರಿಯೇ. ಇನ್ನೂ ಸ್ವಲ್ಪ ಸುಣ್ಣ ಉಳಿಯಿತು. ಉಳಿದದ್ದನ್ನು ತನ್ನ ಕರಿಯ ಛತ್ರಿಗೆ ಬಳಿದುಬಿಟ್ಟ! "ಕರೀ ಬಣ್ಣ ಬಿಸಿ ಕುಡೀತದ, ಬಿಳೀ ಬಣ್ಣ ಉಗುಳತದ" ಎಂದು ಕೇಳಿದವರಿಗೆ ವಿವರಣೆ ಕೊಟ್ಟ. ಆ ಬಿಳಿ ಛತ್ರಿ ಹಿಡಿದು ಬೇಸಿಗೆಯೆಲ್ಲ ಶಹಾಪುರದ ಬಜಾರಿನಲ್ಲಿ ರಾಜಗಾಂಭೀರ್ಯದಿಂದ ಓಡಾಡಿದ. ಮುಂಗಾರಿನ ಮೊದಲ ಮಳೆಯೂ ಬಜಾರಿನಲ್ಲೇ ಸಿಕ್ಕಿತು. ಸುಣ್ಣ ಕರಗಿ, ಛತ್ರಿಯ ಅಂಚಿನಿಂದ ಇಳಿದು, ಭುಜ, ಬೆನ್ನು, ಧೋತರ ಎಲ್ಲ ಬೆಳ್ಳಗಾದವು. ಅಂಗಡಿ ಮುಂದೆ ಕಾಯುತ್ತಿದ್ದ ರೈತನೊಬ್ಬ ಕೇಳಿದ: "ಸಾವಕಾರ್ರ, ಸುಣ್ಣಾ ಮನಿಗಿ ಮಾಡಿಸಿದ್ರೋ, ನಿಮಗ ಮಾಡಿಸಿದ್ರೋ?"

ಸಾವಕಾರ ಎಂದರೆ ದೊಡ್ಡ ಸಾವಕಾರನೇನಲ್ಲ. ಮಾವನದು ಶಹಾಪುರದಲ್ಲಿ ಬೀಜ, ಗೊಬ್ಬರದ ಒಂದು ಅಂಗಡಿ. ಕಾಲುವೆಗೆ ನೀರು ಬಂದ ಮೇಲೆ ಜೋಳ, ತೊಗರಿ ಬಿತ್ತುತ್ತಿದ್ದವರೆಲ್ಲ ಭತ್ತಕ್ಕೆ ಇಳಿದರಲ್ಲ, ಆಗ ಆ ಅಂಗಡಿ ಕಣ್ಣು ತೆರೆಯಿತು. ಅದೇ ಕಾಲುವೆಯೇ ಮಾವನಿಗೆ ಜೀಪನ್ನೂ ಕೊಟ್ಟಿತು. ಕಾಲುವೆಯ ಕೆಲಸ ಮುಗಿಯುತ್ತ ಬಂದಾಗ ನೀರಾವರಿ ಇಲಾಖೆಯವರು ತಮ್ಮ ಹಳೆಯ ಜೀಪುಗಳನ್ನು ಹರಾಜಿಗಿಟ್ಟಿದ್ದರು. ಎಲ್ಲರೂ ಆರಿಸಿ ಬಿಟ್ಟದ್ದನ್ನು ಮಾವ ಆರಿಸಿ ತಂದ.

ಆ ಜೀಪನ್ನು ಏನೆಂದು ವರ್ಣಿಸಲಿ! ಓಡುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಇಂಜಿನ್ನಿನ ಬಿಸಿಯೆಲ್ಲ ಮುಂದಿನ ಸೀಟಿಗೇ ಬರುತ್ತಿತ್ತು. ಕಾಲಿಡುವ ಜಾಗದಲ್ಲಿ ಒಂದು ತಗಡು. ತಗಡಿನ ಆಚೆಗೇ ಸುಟ್ಟ ಹೊಗೆ ಹೊರಡುವ ಕಬ್ಬಿಣದ ಕೊಳವೆ. ಗಾಡಿ ನಾಲ್ಕು ಮೈಲಿ ಓಡಿತೆಂದರೆ ತಗಡು ರೊಟ್ಟಿ ಹಂಚಾಗುತ್ತಿತ್ತು. ಒಮ್ಮೆ ಸಗರದಿಂದ ಬೀಗರೊಬ್ಬರನ್ನು ಕರೆತಂದ. ಪಾಪ, ಅವರು ಬಿಸಿ ತಾಳಲಾರದೆ ಸೀಟಿನ ಮೇಲೆ ಪದ್ಮಾಸನ ಹಾಕಿ ಕೂತವರು ಊರು ಬಂದರೂ ಇಳಿಯಲಿಲ್ಲ. ಮರ್ಯಾದೆಗೆ ಕಾಯುತ್ತಿದ್ದಾರೆಂದು ನಾವು ಆರತಿ ತಂದೆವು. ಆಮೇಲೆ ತಿಳಿಯಿತು, ಕಾಲು ಹಿಡಿದುಕೊಂಡಿತ್ತು! ಇಬ್ಬರು ಹಿಡಿದು ಬಿಡಿಸಬೇಕಾಯಿತು.

ಅನುಕೂಲವೂ ಇತ್ತೆನ್ನಿ. ಹಸಿ ಶೇಂಗಾ ಆ ತಗಡಿನ ಮೇಲೆ ಹರವಿದರೆ ಊರು ಸೇರುವಷ್ಟರಲ್ಲಿ ಹುರಿದ ಶೇಂಗಾ! ಜೀಪು ಬಂದು ನಿಂತರೆ ಅಕ್ಕಪಕ್ಕದವರು ಮಾತಾಡಿಸುವ ನೆಪದಲ್ಲಿ ಬಂದು ಒಂದೊಂದು ಹಿಡಿ ತಿಂದು ಹೋಗುತ್ತಿದ್ದರು. ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ, ಹುಣಸಗಿಯ ಹೆಣ್ಣುಮಗಳು. ಬಾಯಿ ಜೋರು. ಅವಳು ಒಂದೇ ಮಾತಿನಲ್ಲಿ ಹೇಳುತ್ತಿದ್ದಳು: "ಇದು ಗಾಡಿ ಅಲ್ಲ ಯವ್ವಾ, ಗಾಲಿ ಹಚ್ಚಿದ ಒಲಿ."

ವರ್ಷಗಟ್ಟಲೆ ಹೀಗೇ ನಡೆದಿತ್ತು. ಎಲ್ಲರಿಗೂ ರೂಢಿಯಾಗಿತ್ತು. ಆಮೇಲೊಂದು ದಿನ ಮಾವ ಇದ್ದಕ್ಕಿದ್ದ ಹಾಗೆ ಆಕಾಶದ ಸೂರ್ಯನನ್ನು ಬಿಟ್ಟು ಜೀಪಿನ ಬಿಸಿಯ ಬೆನ್ನು ಹತ್ತಿದ.

ನಾನು ಸುರಪುರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಜೀಪಿನ ಸದ್ದು ಕೇಳಿಸಿತು. ಮಾವ ಹೈದರಾಬಾದಿಗೆ ಹೋಗಿದ್ದವನು ಮನೆಗೂ ಹೋಗದೆ ನೆಟ್ಟಗೆ ನನ್ನ ವರ್ಗದ ಬಾಗಿಲಿಗೇ ಬಂದಿದ್ದ.

"ಮಾಸ್ತರಮ್ಮ, ಪಿಂಗಾಣಿಗಿ ಬಿಸಿ ಹತ್ತತದೋ ಇಲ್ಲೋ?"

"ಹತ್ತತದ ಮಾಮಾ. ಆದ್ರ ಕಬ್ಬಿಣದಾಗ ಓಡಿದಂಗ ಜಲ್ದಿ ಓಡಂಗಿಲ್ಲ. ಯಾಕ?"

"ಹಂಗಾದ್ರ ಜೀಪಿನ ಕೊಳವಿಗಿ ಒಂದು ಪಿಂಗಾಣಿ ಅಂಗಿ ಹೊಲಿಸಿದ್ರ ಹ್ಯಾಂಗ?"

ಹೈದರಾಬಾದಿನ ಬಿಡಿಭಾಗದ ಅಂಗಡಿಯವನೊಬ್ಬ ಮಾವನ ಕಿವಿಯೊಳಗೆ ಈ ಹುಳ ಬಿಟ್ಟಿದ್ದ. ರೇಸಿನ ಕಾರುಗಳ ಇಂಜಿನ್ನಿಗೆ, ಹೊಗೆ ಕೊಳವೆಗೆ ಪಿಂಗಾಣಿಯ ಲೇಪ ಕೊಡುತ್ತಾರಂತೆ. ಬಣ್ಣದ ಹಾಗೆ ಬಳಿದು, ಭಟ್ಟಿಯಲ್ಲಿಟ್ಟು ಬೇಯಿಸಿದರೆ ಕಬ್ಬಿಣಕ್ಕೆ ಚರ್ಮದಂತೆ ಅಂಟಿಕೊಂಡು ಬಿಸಿಯನ್ನು ಹೊರಗೆ ಬಿಡುವುದಿಲ್ಲವಂತೆ.

"ರೇಸಿನ ಕಾರಿಗಿ ಅಲ್ಲ ಮಾಮಾ? ಮೊನ್ನೆ ಹತ್ತಿ ಗಾಡಿ ಎತ್ತು ನಿನ್ನ ಜೀಪು ದಾಟಿ ಹ್ವಾದ್ವಂತ!"

"ಎತ್ತಿಗಿ ಕಾಲಾಗ ಬಿಸಿ ಹತ್ತಂಗಿಲ್ಲ. ಅದಕ್ಕ ಓಡತಾವ" ಎಂದ. ಆಮೇಲೆ ಮಕ್ಕಳು ಕಿಟಕಿಯಲ್ಲಿ ಇಣುಕಿ ನೋಡುತ್ತಿರುವಂತೆಯೇ ನನ್ನಿಂದ ಪಾಠ ಮಾಡಿಸಿಕೊಂಡ. ಬಿಸಿ ಮೂರು ದಾರಿಯಿಂದ ಹೋಗುತ್ತದೆ: ಮುಟ್ಟಿದ್ದರ ಮೂಲಕ, ಗಾಳಿಯ ಮೂಲಕ, ಏನೂ ಇಲ್ಲದೆಯೂ ಕಿರಣದಂತೆ ಹಾರಿ. ಮಾವ ಬೋರ್ಡಿನ ಮೇಲಿನ ಮೂರು ಬಾಣಗಳನ್ನು ಮೂವರು ಕಳ್ಳರನ್ನು ಗುರುತಿಸುವಂತೆ ನೋಡಿದ.

"ಮೂರೂ ದಾರಿಗಿ ನಾಕಾ ಹಾಕತೀನಿ."

"ಹಾಕಿದ್ರ ಅದು ಎಲ್ಲಿಗಿ ಹೋಗಬೇಕು ಪಾಪ?"

"ಕೊಳವಿ ಒಳಗ ತೆಪ್ಪಗ ಕೂತು, ಟಿಕೀಟು ತಗೊಂಡು, ಹಿಂದಿನ ಬಾಗಲಿಲೆ ಇಳಿದು ಹೋಗಲಿ! ಮುಂದಿನ ಸೀಟಿಗಿ ಯಾಕ ಬರಬೇಕು ಅದು?"

ಹದಿನೈದು ವರ್ಷ ಕಲಿಸಿದರೂ ನನಗೆ ಇಷ್ಟು ಚೆನ್ನಾಗಿ ಹೇಳಲು ಬಂದಿರಲಿಲ್ಲ ಎಂಬುದು ಬೇರೆ ಮಾತು.

ಆ ಕೊಳವೆಗೆ ಮೆಕ್ಯಾನಿಕ್ಕುಗಳು ಮ್ಯಾನಿಫೋಲ್ಡ್ ಎನ್ನುತ್ತಾರೆ. ಶಹಾಪುರದ ಬಸ್‌ಸ್ಟ್ಯಾಂಡ್ ಹಿಂದಿನ ಮೆಕ್ಯಾನಿಕ್ ಸಲೀಮನ ಬಾಯಲ್ಲಿ ಅದು 'ಮನಿಪೋಲ'. ಮನೆಯಲ್ಲಿ ಹಗಲೂ ರಾತ್ರಿ ಅದರದೇ ಮಾತು ನಡೆದಾಗ ಅತ್ತೆ ಕೇಳಿದಳು: "ಮನಿ ಪೋಲು ಮಾಡತದಂತ ಅದಕ್ಕ ಆ ಹೆಸರಿಟ್ಟಾರೇನ್ರಿ?"

ಲೇಪದ ಡಬ್ಬಿ ಹೈದರಾಬಾದಿನಿಂದ ಬರಬೇಕಿತ್ತು. ಅಲ್ಲಿವರೆಗೆ ಕಾಯುವ ವ್ಯವಧಾನ ಮಾವನಿಗೆ ಎಲ್ಲಿಂದ ಬರಬೇಕು? ಪಿಂಗಾಣಿ ತಾನೆ ಬೇಕಾದದ್ದು? ಅಡುಗೆಮನೆಯ ನಾಗಂದಿಗೆಯ ಮೇಲೆ ಪಿಂಗಾಣಿಯ ದೊಡ್ಡ ಭರಣಿ ಇತ್ತು. ಅತ್ತೆಯ ತವರಿನದು. ತುಂಬ ಮಾವಿನ ಉಪ್ಪಿನಕಾಯಿ. ಅತ್ತೆ ಮಠಕ್ಕೆ ಹೋದದ್ದೇ ತಡ, ಮಾವ ಉಪ್ಪಿನಕಾಯಿಯನ್ನು ಬಕೀಟಿಗೆ ಸುರಿದು, ಭರಣಿಯನ್ನು ತೊಳೆದು ಒರೆಸಿ, ಒಳಕಲ್ಲಿಗೆ ಹಾಕಿ ಕುಟ್ಟಿದ! ನುಣ್ಣಗೆ ಪುಡಿ ಮಾಡಿ, ಜರಡಿ ಹಿಡಿದು, ಸಿಮೆಂಟು ಬೆರೆಸಿ, ಅಂಟಿಗೆ ಇರಲೆಂದು ಬೆಲ್ಲದ ಪಾಕವನ್ನೂ ಹಾಕಿ ಕೊಳವೆಗೆ ಮೆತ್ತಿದ. ಹಿಂದಿನ ಕಾಲದಲ್ಲಿ ಕೋಟೆಯನ್ನೇ ಬೆಲ್ಲ ಹಾಕಿ ಕಟ್ಟುತ್ತಿದ್ದರಂತೆ, ಜೀಪಿನದೇನು ಮಹಾ!

ಗಾಡಿ ಹೊರಟಿತು. ಇಂಜಿನ್ ಕಾದ ಹಾಗೆ ಬಜಾರಿನ ತುಂಬ ಬೆಲ್ಲದ ಗಾಣದ ಘಮಘಮ. ಆಮೇಲೆ ಸುಟ್ಟ ಬೆಲ್ಲದ ಹೊಗೆ. ಆಮೇಲೆ ಮೆತ್ತಿದ್ದು ಗಟ್ಟಿ ಚಕ್ಕೆಗಳಾಗಿ ಒಂದೊಂದೇ ಉದುರತೊಡಗಿತು. ಟಣ್! ಟಣ್! ಹಿಂದೆ ಸೈಕಲ್ಲಿನಲ್ಲಿ ಬರುತ್ತಿದ್ದವನೊಬ್ಬ ಆರಿಸಿಕೊಂಡು ಬಂದು, "ಸಾವಕಾರ್ರ, ನಿಮ್ಮ ಗಾಡಿದು ಹಲ್ಲು ಉದುರಾಕತ್ತಾವ" ಎಂದು ಕೈಗಿತ್ತ. ಮರುದಿನ ಮುಂಜಾನೆ ಬಾನೆಟ್ ಎತ್ತಿದರೆ ಇಂಜಿನ್ ಕಾಣಲಿಲ್ಲ. ಬರೀ ಇರುವೆ! ಶಹಾಪುರದ ಇರುವೆಗಳೆಲ್ಲ ಸಂಸಾರ ಸಮೇತ ಬಂದಿದ್ದವು.

ಅತ್ತೆಯ ಸೇಡು ಬೇರೆಯೇ ರೀತಿಯದು. ಅದೇ ಭಯಂಕರ! ತಿಂಗಳುಗಟ್ಟಲೆ ಬಕೀಟಿನಿಂದಲೇ ಮಗ್ಗಿನಲ್ಲಿ ಮೊಗೆದು ಮೊಗೆದು ಮಾವನ ತಾಟಿಗೆ ಉಪ್ಪಿನಕಾಯಿ ಬಡಿಸಿದಳು. ಇದನ್ನು ಬರೆಯುತ್ತೇನೆಂದು ಅಪ್ಪಣೆ ಕೇಳಿದಾಗಲೂ ಅವಳು ಹೇಳಿದ್ದು ಇಷ್ಟೇ: "ಎಲ್ಲಾ ಬರಿ, ಏನೂ ಮುಚ್ಚಬ್ಯಾಡ. ಆದ್ರ ಭರಣಿ ಸುದ್ದಿ ಬಿಟ್ಟೀ ಅಂದ್ರ ನೋಡು ಮತ್ತ!"

ಕೊನೆಗೂ ಡಬ್ಬಿ ಬಸ್ಸಿನಲ್ಲಿ ಬಂತು. ಒಳಗೆ ಬೂದಿ ಬಣ್ಣದ ಗಂಜಿಯಂಥ ಲೇಪ. ಸಲೀಮ ಕೊಳವೆ ಬಿಚ್ಚಿಕೊಟ್ಟು, "ತುಕ್ಕು ಒಂದು ಚೂರೂ ಇರಬಾರ್ದು ಸಾವಕಾರ್ರ, ಇದ್ರ ಲೇಪ ನಿಲ್ಲಂಗಿಲ್ಲ" ಎಂದ. ಮಾವ ಪಾಲಿಶ್ ಪೇಪರ್ ಹಿಡಿದು ಅಂಗಡಿಯ ಕಟ್ಟೆಯ ಮೇಲೆ ಕೂತ. ಯೂರಿಯಾ ಕೇಳಲು ಬಂದವರಿಗೂ ಒಂದು ತುಂಡು ಪೇಪರ್ ಕೊಟ್ಟು, "ಕೂಡ್ರಿ, ಅತ್ತ ಕಡೆ ಜರಾ ತಿಕ್ರಿ" ಎನ್ನುತ್ತಿದ್ದ. ಗೊಬ್ಬರ ಬೇಕಾದವರು ತಿಕ್ಕಿದರು. ಬೇಡದವರೂ ಮಾತಿಗೆ ಕೂತು ತಿಕ್ಕಿದರು. ಕಾಲುವೆ ಕೆಳಗಿನ ಅರ್ಧ ರೈತರ ಕೈ ಆ ಕೊಳವೆಯ ಮೇಲೆ ಆಡಿದೆ. ಅದು ಬೆಳ್ಳಿಯ ಹಾಗೆ ಹೊಳೆಯತೊಡಗಿದಾಗ ತೆಳ್ಳಗೆ ಲೇಪ ಹಚ್ಚಿ, ಆರಿಸಿ, ಮತ್ತೊಮ್ಮೆ ಹಚ್ಚಿದ.

ಇನ್ನು ಬೇಯಿಸಬೇಕು. ಆದರೆ ಎಲ್ಲಿ? ಶಹಾಪುರದಲ್ಲಿ ಅಷ್ಟು ದೊಡ್ಡ ಭಟ್ಟಿ ಇದ್ದದ್ದು ಮೌಲಾಲಿಯ ಬೇಕರಿಯಲ್ಲಿ. ಮಾವ ಟವೆಲ್ಲಿನಲ್ಲಿ ಸುತ್ತಿದ ಗಂಟು ಎತ್ತಿಕೊಂಡು ಹೋದ. ಅಂದು ರಜೆಯೆಂದು ಶಹಾಪುರಕ್ಕೆ ಬಂದಿದ್ದ ನಾನೂ ಏನಾಗುತ್ತದೋ ನೋಡೋಣವೆಂದು ಬೆನ್ನು ಹತ್ತಿದ್ದೆ.

"ಮೌಲಾಲಿ, ನಿನ್ನ ಭಟ್ಯಾಗ ಒಂದು ಸಾಮಾನು ಬೇಯಿಸಬೇಕಲ್ಲೋ."

"ಬೇಯಿಸೋಣ್ರಿ ಸಾವಕಾರ್ರ. ಕೇಕೋ, ಬಿಸ್ಕೀಟೋ?"

"ಮನಿಪೋಲ."

ಮೌಲಾಲಿ ತಲೆ ಕೆರೆದುಕೊಂಡ. "ಅದು ಯಾವ ಊರ ತಿಂಡಿರಿ?"

ಗಂಟು ಬಿಚ್ಚಿದಾಗ ಅವನು ಎರಡು ಹೆಜ್ಜೆ ಹಿಂದೆ ಸರಿದ. ಖುದಾನ ಮೇಲೆ ಆಣೆ ಇಟ್ಟು ಆಗುವುದಿಲ್ಲವೆಂದ. ಮಾವ ಅವನ ಭುಜದ ಮೇಲೆ ಕೈ ಹಾಕಿ ಒಳಗೆ ಕರೆದುಕೊಂಡು ಹೋಗಿ ಏನೋ ಪಿಸುಗುಟ್ಟಿದ. ಹೊರಬಂದಾಗ ಮೌಲಾಲಿಯ ಮುಖ ಬೇರೆಯಾಗಿತ್ತು. "ಬ್ರೆಡ್ಡು ತೆಗೆದ ಮ್ಯಾಲ ಇಡೋಣ್ರಿ" ಎಂದಷ್ಟೇ ಹೇಳಿ ತಾನೇ ಕಟ್ಟಿಗೆ ಸರಿಪಡಿಸಿದ. ಹೀಗೆ ಅವನನ್ನು ಬಗ್ಗಿಸಿದ ಮಾತು ಯಾವುದೆಂದು ಆಗ ನಾನು ಕೇಳಲಿಲ್ಲ. ಕೊಳವೆ ಭಟ್ಟಿಗೆ ಇಳಿದದ್ದೇ ತಡ, ಎದ್ದ ವಾಸನೆಗೆ ಮೂಗು ಮುಚ್ಚಿಕೊಂಡಿದ್ದೆ!

ವಾಸನೆಯೆಂದರೆ ಅಂಥಿಂಥದ್ದಲ್ಲ. ಮರುದಿನದ ಮೊದಲ ಭಟ್ಟಿಯ ಬ್ರೆಡ್ಡನ್ನು ಮೌಲಾಲಿ ತಿಪ್ಪೆಗೆ ಎಸೆಯಬೇಕಾಯಿತು. ತಿಪ್ಪೆಯ ನಾಯಿಯೂ ಮೂಸಿ ನೋಡಿ, ಅವಮಾನವಾದಂತೆ ಮುಖ ತಿರುಗಿಸಿ ಹೋಯಿತು. ಆದರೆ ಮನಿಪೋಲ ಮಾತ್ರ ಏನು ಬೆಂದಿತ್ತು ಅಂತೀರಿ! ಬ್ರೆಡ್ ತೆಗೆಯುವ ಉದ್ದ ಹಲಗೆಯ ಮೇಲೆ ಕೂತು, ನವಿರಾದ ಬೂದಿ ಬಣ್ಣದಲ್ಲಿ, ಒಂದು ಬಿರುಕಿಲ್ಲದೆ ಹೊರಗೆ ಬಂತು. ಮಾವ ಅದನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ನಡೆದ. ಎದುರಿಗೆ ಬಂದ ಮುದುಕಿಯೊಬ್ಬಳು ನಿಂತು ಕೇಳಿದಳು: "ಹೆಣ್ಣೇನಪ್ಪಾ, ಗಂಡೇನಪ್ಪಾ?"

ಪರೀಕ್ಷೆಯ ದಿನ ಓಣಿಯವರೆಲ್ಲ ಸೇರಿದರು. ಸಲೀಮ ಕೊಳವೆ ಕೂಡಿಸಿದ. ತಗಡಿನ ಮೇಲೆ ಎಂದಿನಂತೆ ಹಸಿ ಶೇಂಗಾ ಹರವಿದರು. ಮಾವ ಒಬ್ಬನೇ ಕೂತು ಭೀಮರಾಯನಗುಡಿಯ ಕಡೆಗೆ ಹೋಗಿ, ಸುತ್ತು ಹಾಕಿ, ಬಿಸಿಲು ಏರಿದ ಹೊತ್ತಿನಲ್ಲಿ ತಿರುಗಿ ಬಂದ. ಜನ ನುಗ್ಗಿ ಒಂದೊಂದು ಹಿಡಿ ಎತ್ತಿ ಬಾಯಿಗೆ ಹಾಕಿಕೊಂಡರು. ಎಲ್ಲರ ಮುಖವೂ ಸಣ್ಣಗಾಯಿತು. ಶೇಂಗಾ ಹಸಿ ಹಸಿಯೇ ಇತ್ತು!

"ಛೇ ಛೇ, ಚಲೋ ಇದ್ದ ಜೀಪು ಕೆಡಿಸಿಬಿಟ್ರಲ್ರಿ ಸಾವಕಾರ್ರ!" ಎಂದು ಪಕ್ಕದ ಮನೆಯವರು ಮನಃಪೂರ್ವಕವಾಗಿ ಮರುಗಿದರು.

ಮಾವನಿಗೆ ಅದು ಕೇಳಿಸಲೇ ಇಲ್ಲ. ಅವನು ತಗಡಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ, ವೈದ್ಯರು ನಾಡಿ ಹಿಡಿಯುವಂತೆ ಬಹಳ ಹೊತ್ತು ಕೂತಿದ್ದ. ಗೆದ್ದ ಸಂಭ್ರಮ ಎಂದುಕೊಂಡೆವು. ನಾವೆಲ್ಲ ನಕ್ಕೆವು.

ಮುಂದಿನ ರವಿವಾರ ಮಾವ ಅತ್ತೆಯನ್ನು ತವರಿಗೆ ಹೊರಡಿಸಿದ. ಅವಳು ಹುಣಸಗಿಗೆ ಹೋಗದೆ ಬಹಳ ದಿನವಾಗಿತ್ತು. ದಾರಿಯಲ್ಲಿ ಸುರಪುರದಲ್ಲಿ ನನ್ನನ್ನೂ ಹತ್ತಿಸಿಕೊಂಡರು. ನಾನು ಹಿಂದೆ, ಅತ್ತೆ ಮುಂದೆ. ಇಬ್ಬರದೂ ಯಥಾಪ್ರಕಾರ ಜಗಳ ನಡೆದಿತ್ತು. ಊರು ದಾಟಿ ಕಾಲುವೆಯ ದಂಡೆ ಬಂತು. ಎರಡೂ ಕಡೆ ಭತ್ತದ ಗದ್ದೆ, ನೀರಿನ ತುಂಬ ಬಿಸಿಲು. ಮಾವ ಒಮ್ಮೆಲೇ ಜೀಪು ನಿಲ್ಲಿಸಿ ಇಳಿದ. ಇಂಜಿನ್ ಕಾದಿರಬೇಕೆಂದುಕೊಂಡೆ.

ಅವನು ಬಾನೆಟ್ಟಿನ ಕಡೆ ಹೋಗಲಿಲ್ಲ. ಸುತ್ತು ಹಾಕಿ ಅತ್ತೆಯ ಕಡೆ ಬಂದು, ರಸ್ತೆಯ ಮಣ್ಣಿನಲ್ಲಿ ಮೊಣಕಾಲೂರಿ ಕೂತ. ಅವಳ ಬಲಗಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ. ಮಕ್ಕಳಿಗೆ ಜ್ವರ ನೋಡುವ ಹಾಗೆ ಅಂಗಾಲಿಗೆ ಕೈಯ ಹಿಂಬದಿಯನ್ನು ಒತ್ತಿ ನೋಡಿದ. ಆಮೇಲೆ ಹಿಮ್ಮಡಿ. ಆಮೇಲೆ ಒಂದೊಂದು ಬೆರಳಿನ ಸಂದಿ. ನನಗೆ ಏನು ಮಾಡಬೇಕೋ ತೋಚದೆ ಅತ್ತೆಯ ಮುಖ ನೋಡಿದೆ. ಆ ಬಾಯಿ ಜೋರಿನ ಅತ್ತೆ ಮೆಲ್ಲಗೆ ಮಾತಾಡಿದಳು.

"ನನಗ ಸಕ್ಕರಿ ಬ್ಯಾನಿ ಅದಲ್ಲ ಯವ್ವಾ, ಅದು ಕಾಲಿನ ಜೀವಾನೇ ತಿಂದದ. ಮುಳ್ಳು ಚುಚ್ಚಿದ್ರೂ ತಿಳಿಯಂಗಿಲ್ಲ, ಕೆಂಡ ತುಳಿದ್ರೂ ತಿಳಿಯಂಗಿಲ್ಲ. ಹ್ವಾದ ಬ್ಯಾಸಗ್ಯಾಗ ಹಿಂಗ ಹುಣಸಗಿಗಿ ಹೊಂಟಿದ್ವಿ. ಚಪ್ಪಲಿ ಬಿಟ್ಟು ಈ ತಗಡಿನ ಮ್ಯಾಲ ಕಾಲಿಟ್ಟು, ಇವರ ಜೋಡಿ ಜಗಳಾಡಕೋತ ಕೂತಿದ್ದೆ. ತವರ ಮನ್ಯಾಗ ಇಳಿದು ಪಡಸಾಲಿ ತನಕ ನಡದ್ರ ನೆಲದ ಮ್ಯಾಲ ಹಸಿ ಹೆಜ್ಜಿ ಮೂಡ್ಯಾವ. ನೀರು ತುಳಿದೀನಿ ಅಂದ್ಕೊಂಡೆ. ನೀರಲ್ಲ, ಅಂಗಾಲು ಪೂರಾ ಬೊಬ್ಬಿ ಎದ್ದು ಒಡದಿತ್ತು. ನನ್ನಕಿಂತ ಮೊದಲ ಇವರು ನೋಡಿದ್ರು. ನಮ್ಮಣ್ಣ ಹೊರಗ ಬರೋದ್ರಾಗ ಹೆಗಲ ಮ್ಯಾಲಿನ ಟವೆಲ್ಲಿಲೆ ಅಷ್ಟೂ ಹೆಜ್ಜಿ ಒರಸಿದ್ರು."

ಕಲಬುರಗಿಯ ದವಾಖಾನೆಯಲ್ಲಿ ಬೆರಳು ತೆಗೆಯಬೇಕಾದೀತು ಎಂದಿದ್ದರಂತೆ. ಹೇಗೋ ಉಳಿಯಿತು. ಅತ್ತೆಗೆ ಮೊಣಕಾಲು ನೋವು ಎಂದು ಮಾವ ಆಗ ನಮಗೆಲ್ಲ ಹೇಳಿದ್ದ.

"ನಮಗರ ಹೇಳಬೇಕಿಲ್ಲೇನು ಅತ್ತಿ?"

"ನಾನೇ ಆಣಿ ಹಾಕಿಸಿದ್ದೆ. ತವರಿಗಿ ಗೊತ್ತಾದ್ರ ನಮ್ಮಣ್ಣ ನನ್ನ ನೆಲಕ್ಕ ಕಾಲಿಡಾಕ ಬಿಡಂಗಿಲ್ಲ. ಮಂದಿ ಪಾಪ ಪಾಪ ಅಂತಾರ. ನನಗದು ಆಗಂಗಿಲ್ಲ. ಇವರಿಗಿ ಹುಚ್ಚ ಅಂದ್ರು, ಅನಲಿ ಅಂತ ಸುಮ್ಮನ ಅದಾರ. ಆ ಮೌಲಾಲಿ ಒಬ್ಬಗ ಹೇಳ್ಯಾರಂತ ನೋಡು, ಆಣಿ ಮುರದು."

ಅಷ್ಟರಲ್ಲಿ ನಾಟಿಗೆ ಹೊರಟ ಹೆಣ್ಣಾಳುಗಳನ್ನು ತುಂಬಿಕೊಂಡ ಟ್ರ್ಯಾಕ್ಟರೊಂದು ಹಾದುಹೋಯಿತು. ಮೇಲಿನಿಂದ ಒಬ್ಬಳು ಕೂಗಿದಳು: "ನೋಡ್ರೇ, ನೋಡ್ರೇ! ಗಂಡ ಹೆಂಡ್ತಿ ಕಾಲು ಹಿಡದಾನ!" ಟ್ರೇಲರಿನ ತುಂಬ ನಗು ಎದ್ದಿತು.

"ಏಳ್ರೀ ಮ್ಯಾಲ, ಮಂದಿ ನಗಾಕತ್ತಾರ" ಎಂದು ಅತ್ತೆ ಸೆರಗಿನಿಂದ ಮುಖ ಮರೆಮಾಡಿಕೊಂಡಳು. ಕಾಲನ್ನು ಮಾತ್ರ ಎಳೆದುಕೊಳ್ಳಲಿಲ್ಲ.

ಮಾವ ತಲೆ ಎತ್ತಲಿಲ್ಲ. ಬಲಗಾಲನ್ನು ಇಳಿಸಿ, ಎಡಗಾಲನ್ನು ತೊಡೆಗೆ ತೆಗೆದುಕೊಂಡ. ಅಂಟಿದ್ದ ಧೂಳನ್ನು ಟವೆಲ್ಲಿನಿಂದ ಒರೆಸಿ, ಮತ್ತೆ ಕೈಯ ಹಿಂಬದಿಯನ್ನು ಒತ್ತಿ ಹಿಡಿದ. ಟ್ರ್ಯಾಕ್ಟರಿನ ಸದ್ದು ದೂರವಾಗಿ, ಕಾಲುವೆಯಲ್ಲಿ ನೀರು ಹರಿಯುವುದಷ್ಟೇ ಕೇಳಿಸತೊಡಗಿತು.

ಸೆರಗಿನ ಮರೆಯಿಂದಲೇ ಅತ್ತೆ ಕೇಳಿದಳು: "ಹ್ಯಾಂಗದಾವ್ರಿ?"

"ತಣ್ಣಗದಾವ" ಎಂದ ಮಾವ. ಕೈ ತೆಗೆಯಲಿಲ್ಲ.